ಇಂಜಿನ್ ಇಲ್ಲದ ದೋಣಿಯಲ್ಲಿ ಚಿಲಿಕಾ

ಒಡಿಶಾದ ಚಿಲಿಕಾ ಸರೋವರಕ್ಕೆ ಹೋಗಿ ಬಂದೆವು ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಡಾಲ್ಫಿನ್ ಕಾಣಿಸ್ತಾ?" ಕಾಣಿಸಿತು. ಆದರೂ ಅಲ್ಲಿ ಒಂದೇ ದಿನ ಇರುವವರು ನನ್ನನ್ನು ಕೇಳಿದರೆ, ಡಾಲ್ಫಿನ್ ಬಿಡಿ, ಅದೇ ಸರೋವರದ ಅಂಚಿನ ಮಂಗಲಜೋಡಿಗೆ ಹಕ್ಕಿ ನೋಡಲು ಹೋಗಿ ಅಂತಲೇ ಹೇಳುತ್ತೇನೆ.

ನಾವು ಹೋಗಿದ್ದು ಜನವರಿಯಲ್ಲಿ. ನಾನು, ನಮ್ಮ ಯಜಮಾನರು, ಮಗ, ಜೊತೆಗೆ ಅತ್ತೆ. ಈ ಲಗೂನ್‌ಗೂ, ಅಂದರೆ ಕಡಲಂಚಿನ ಸರೋವರಕ್ಕೂ, ಬಂಗಾಳ ಕೊಲ್ಲಿಗೂ ನಡುವೆ ಇರುವುದು ಮರಳಿನ ಒಂದು ಉದ್ದನೆಯ ದಿಬ್ಬ ಅಷ್ಟೇ. ಒಂದು ಕಡೆಯಿಂದ ಮಹಾನದಿಯ ಕವಲುಗಳ ಸಿಹಿನೀರು ಬಂದು ಸೇರುತ್ತದೆ, ಇನ್ನೊಂದು ಕಡೆಯಿಂದ ಸಮುದ್ರ ಒಳಗೆ ನುಗ್ಗುತ್ತದೆ. ಮಳೆಗಾಲದಲ್ಲಿ 1,100 ಚದರ ಕಿ.ಮೀ. ದಾಟಿ ಹರಡುವ ನೀರು ಬೇಸಿಗೆಯಲ್ಲಿ ಸಾಕಷ್ಟು ಹಿಂದೆ ಸರಿಯುತ್ತದೆ. ಮಗ ಬೆರಳು ಅದ್ದಿ ನೆಕ್ಕಿ, "ಉಪ್ಪು ಕಮ್ಮಿ ಆಗಿದೆ" ಅಂತ ತೀರ್ಪು ಕೊಟ್ಟ.

ಪುರಿಯಿಂದ ಸಾತಪಡಾ ಸುಮಾರು 50 ಕಿ.ಮೀ. ಡಾಲ್ಫಿನ್ ದೋಣಿಗಳು ಹೊರಡುವುದು ಅಲ್ಲಿಂದಲೇ. ಡೀಸೆಲ್ ಇಂಜಿನ್ನಿನ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಎಲ್ಲೋ ಒಂದು ಬೆನ್ನು ಕಂಡಿತು ಅಂದರೆ ಹತ್ತಾರು ದೋಣಿಗಳು ಅತ್ತ ಓಡುತ್ತವೆ. ಇಲ್ಲಿರುವುದು ಇರಾವಡಿ ಡಾಲ್ಫಿನ್. ಉದ್ದ ಮೂತಿ ಇಲ್ಲ, ಗುಂಡು ತಲೆ, ಬೂದು ಬಣ್ಣ. ಟೀವಿಯಲ್ಲಿ ನೋಡಿದ ಹಾಗೆ ನೆಗೆಯುತ್ತದೆ ಅಂತ ಕಾದರೆ ನಿರಾಸೆಯೇ. ಬೆನ್ನು ಮೇಲೆ ಬಂತು ಅನ್ನುವಷ್ಟರಲ್ಲಿ ಮುಳುಗಿರುತ್ತದೆ. ಪುಣ್ಯಕ್ಕೆ ನಮ್ಮ ದೋಣಿಯವನು ದೂರದಲ್ಲೇ ಇಂಜಿನ್ ಆಫ್ ಮಾಡಿದ. ಆಗ 'ಫುಸ್' ಅಂತ ಅದು ಉಸಿರು ಬಿಡುವ ಸದ್ದು ಕೇಳಿಸಿತು. ನನಗೆ ಖುಷಿ ಕೊಟ್ಟಿದ್ದು ಆ ಬೆನ್ನಿಗಿಂತ ಈ ಸದ್ದೇ.

ಈಗಿನ ಗಣತಿಗಳ ಪ್ರಕಾರ ಇವು ಇರುವುದೇ ಸುಮಾರು 150. ಹಿಂದೊಮ್ಮೆ ಸರೋವರ ಸಮುದ್ರ ಸೇರುವ ಬಾಯಿಗೆ ಹೂಳು ತುಂಬಿ, ಉಪ್ಪು ಇಳಿದು, ಸರೋವರದ ತುಂಬಾ ಕಳೆ ಹಬ್ಬಿ, ಮೀನು ಸಿಗುವುದೇ ಕಮ್ಮಿಯಾಗಿತ್ತಂತೆ. 2000ನೇ ಇಸವಿಯಲ್ಲಿ ಮರಳು ದಿಬ್ಬ ಕಡಿದು ಹೊಸ ಬಾಯಿ ತೆರೆದರು. ಸಮುದ್ರ ಮತ್ತೆ ಒಳಗೆ ಬಂತು. ಮೀನು, ಸೀಗಡಿ, ಏಡಿ ಎಲ್ಲವೂ ಚೇತರಿಸಿಕೊಂಡವು.

ಆ ಮರಳು ದಿಬ್ಬದ ಮೇಲೆ ಇಳಿದರೆ ಕೆಂಪು ಏಡಿಗಳ ಜೊತೆ ಮುತ್ತು ಮಾರುವವರೂ ಕಾಯುತ್ತಿರುತ್ತಾರೆ. ಒಬ್ಬ ನಮ್ಮ ಕಣ್ಣೆದುರೇ ಚಿಪ್ಪು ಒಡೆದ, ಒಳಗಿಂದ ಮುತ್ತು ತೆಗೆದ. ಇನ್ನೊಂದು ಒಡೆದ, ಅದರಲ್ಲೂ ಮುತ್ತು. ಯಜಮಾನರು ಚೌಕಾಶಿಗೆ ಇಳಿದೇ ಬಿಟ್ಟಿದ್ದರು. ಅತ್ತೆ ಎರಡನ್ನೂ ಅಂಗೈಯಲ್ಲಿಟ್ಟು ಉರುಳಿಸಿ ನೋಡಿ, "ಅಲ್ವೋ, ಎಲ್ಲಾ ಚಿಪ್ಪಲ್ಲೂ ಒಂದೇ ಅಳತೆ ಮುತ್ತು ಹೆಂಗೋ ಬೆಳೆಯುತ್ತೆ?" ಅಂದರು. ವ್ಯಾಪಾರ ಅಲ್ಲಿಗೇ ಮುಗಿಯಿತು.

ಊಟದ ವಿಷಯಕ್ಕೆ ಬಂದರೆ, ನಾವು ಮೂವರು ಏಡಿ ಮಸಾಲೆಯ ಜೊತೆ ಗುದ್ದಾಡುತ್ತಿದ್ದಾಗ ಅತ್ತೆ ದಾಲ್ಮಾ ಅನ್ನ ಕಲಸಿಕೊಂಡು ನೆಮ್ಮದಿಯಾಗಿ ಉಂಡರು. ಬೇಳೆ, ಪಪ್ಪಾಯಿಕಾಯಿ, ಕುಂಬಳಕಾಯಿ ಎಲ್ಲಾ ಹಾಕಿ ಬೇಯಿಸುವ ಅದು ಹೆಚ್ಚುಕಮ್ಮಿ ನಮ್ಮ ಕೂಟಿನ ಹಾಗೇ ಇರುತ್ತದೆ. ಒಡೆದ ಹಾಲಿನ ಗಿಣ್ಣಕ್ಕೆ ಸಕ್ಕರೆ ಕಲಸಿ ಸುಟ್ಟು ಮಾಡುವ ಸಿಹಿ ಛೇನಾ ಪೋಡಾ ಮಾತ್ರ ಯಾರೂ ಬಿಡಬಾರದು. ಅದರ ತಳದ ಕಂದು ಭಾಗಕ್ಕೆ ನಮ್ಮಲ್ಲಿ ಜಗಳವೇ ಆಯಿತು.

ಮಾರನೇ ದಿನ ಬರಕುಲ್‌ನಿಂದ ಕಾಳಿಜಾಯಿ ದ್ವೀಪ. ಗಂಡನ ಮನೆಗೆ ದೋಣಿಯಲ್ಲಿ ಹೊರಟಿದ್ದ ಜಾಯಿ ಎಂಬ ಹುಡುಗಿ ಬಿರುಗಾಳಿಗೆ ಸಿಕ್ಕಿ ಮುಳುಗಿ, ಆಮೇಲೆ ಮೀನುಗಾರರ ದೇವಿಯಾದಳು ಎಂಬ ಕಥೆ ಇದೆ. ಜನ ಜಾಸ್ತಿ, ಬಿಸಿಲೂ ಜಾಸ್ತಿ. ಕೈ ಮುಗಿದು ಬಂದೆವು.

ಮಂಗಲಜೋಡಿ ಇರುವುದು ಸರೋವರದ ಉತ್ತರ ಅಂಚಿನಲ್ಲಿ, ಟಾಂಗಿ ಹತ್ತಿರ. ಬೆಳಗ್ಗೆ ಇನ್ನೂ ಮಂಜಿರುವಾಗಲೇ ಹೋದೆವು. ಇಲ್ಲಿ ದೋಣಿಗೆ ಇಂಜಿನ್ ಇಲ್ಲ. ಹಿಂದೆ ನಿಂತವನು ಬಿದಿರಿನ ಗಳ ಊರಿ ತಳ್ಳುತ್ತಾನೆ, ಮುಂದೆ ಗೈಡ್ ದುರ್ಬೀನು ಹಿಡಿದು ಕೂರುತ್ತಾನೆ. ನೀರು ಮೊಣಕಾಲುದ್ದ ಇದ್ದರೆ ಹೆಚ್ಚು. ಎರಡೂ ಕಡೆ ಜೊಂಡು. ಹಕ್ಕಿಗಳಿಗೆ ನಮ್ಮ ಹೆದರಿಕೆಯೇ ಇರಲಿಲ್ಲ. ಒಂದು ನೇರಳೆ ಜಂಬುಕೋಳಿ ದೋಣಿಗೆ ಎರಡು ಮಾರು ದೂರದಲ್ಲಿತ್ತು. ಜೊಂಡಿನ ದಂಟೊಂದನ್ನು ಕಿತ್ತು, ಉದ್ದ ಬೆರಳಿನ ಕಾಲಲ್ಲಿ ಹಿಡಿದು, ಕೊಕ್ಕಿನಿಂದ ಸಿಪ್ಪೆ ಸುಲಿದು, ಒಳಗಿನ ಬಿಳಿ ತಿರುಳು ಕಚ್ಚಿ ಕಚ್ಚಿ ತಿನ್ನುತ್ತಿತ್ತು. ಪೂರ್ತಿ ತಿಂದು ಮುಗಿಸುವವರೆಗೂ ನಾವು ಅಲ್ಲಾಡಲಿಲ್ಲ. ಅದೂ ತಲೆ ಕೆಡಿಸಿಕೊಳ್ಳಲಿಲ್ಲ. ಆಚೆ ಸೂಜಿಬಾಲದ ಬಾತುಗಳು, ಸಾಲಾಗಿ ಕೆಸರಿಗೆ ಕೊಕ್ಕು ಚುಚ್ಚುತ್ತಿದ್ದ ಗಾಡ್ವಿಟ್‌ಗಳು. ಗದಗಿನ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತು ನೋಡಿದ್ದೇವೆ ಅಂದಾಗ ಗೈಡ್ ನಕ್ಕ. ಅವು ಚಿಲಿಕಾಕ್ಕೂ ಬರುತ್ತವಂತೆ.

ಒಂದು ಕಾಲಕ್ಕೆ ಈ ಊರು ಹಕ್ಕಿ ಬೇಟೆಗೇ ಹೆಸರುವಾಸಿ. ವಿಷ ಇಟ್ಟೂ ಹಿಡಿಯುತ್ತಿದ್ದರು, ಕೋವಿಯಲ್ಲೂ ಹೊಡೆಯುತ್ತಿದ್ದರು. 2000ದ ಹೊತ್ತಿಗೆ ಬೇಟೆಗಾರರೇ ಸೇರಿ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಕಟ್ಟಿಕೊಂಡರು. ಈಗ ಕಾವಲು ಕಾಯುವವರಲ್ಲಿ, ದೋಣಿ ತಳ್ಳುವವರಲ್ಲಿ ಆ ಮನೆಗಳವರೇ ಇದ್ದಾರೆ. ನಮ್ಮ ಗೈಡ್‌ನ ಅಪ್ಪನೂ ಬೇಟೆಯಾಡುತ್ತಿದ್ದವರಂತೆ.

ಇದನ್ನೆಲ್ಲ ನಾನು ಕನ್ನಡದಲ್ಲಿ ಹೇಳಿದ ಮೇಲೆ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಹುಡುಗನೂ ತಿಂದಿದಾನಾ ಕೇಳೇ" ಅಂದರು. ನನಗೆ ಸಂಕೋಚ. ಕೊನೆಗೆ ತಮ್ಮ ಹರಕು ಹಿಂದಿಯಲ್ಲಿ ಅವರೇ ಕೇಳಿಬಿಟ್ಟರು. ಅವನು ದುರ್ಬೀನು ಇಳಿಸಿ, ಚಿಕ್ಕವನಿದ್ದಾಗ ತಿಂದಿದ್ದೇನೆ ಅಂದ. "ರುಚಿ?" ಅಂತ ಅತ್ತೆ ಬಿಡಲಿಲ್ಲ.

"ಚೆನ್ನಾಗೇ ಇರುತ್ತಿತ್ತು, ಮಾಜೀ," ಅಂದ ಅವನು, ಅಷ್ಟೇ ಸಲೀಸಾಗಿ.