ಅವಧಿ ಮುಗಿದವರನ್ನೂ ಬಿಡದ ಒಕ್ಕೂಟ ಬೇಕು

ದಾವಣಗೆರೆ
ಗುರುವಾರ, 24 ಏಪ್ರಿಲ್ 2025

ಇವತ್ತು ಪಂಚಾಯತ್ ರಾಜ್ ದಿನ. ಪಂಚಾಯಿತಿಗಳಿಗೆ ಸಂಬಂಧಿಸಿದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು 32 ವರ್ಷವಾಯಿತು. ಪಂಚಾಯಿತಿಗೆ ಆಯ್ಕೆಯಾದ ಹೆಂಗಸರ ಒಕ್ಕೂಟಗಳನ್ನು ಹೇಗೆ ಕಟ್ಟಿ ಉಳಿಸಿಕೊಳ್ಳಬೇಕು ಎನ್ನುವುದೇ ಇಲ್ಲಿನ ಮಾತು. ಮಹಿಳಾ ಮೀಸಲಾತಿಯ ಮಾತು ಬಂದಾಗಲೆಲ್ಲ ಭಾಷಣಗಳು 1993ರಿಂದಲೇ ಶುರುವಾಗುತ್ತವೆ. ಕರ್ನಾಟಕದ ಮಟ್ಟಿಗೆ ಅದು ಸರಿಯಲ್ಲ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ತಂದ 1983ರ ಕಾಯ್ದೆಯೇ ಮಂಡಲ ಪಂಚಾಯಿತಿಗಳಲ್ಲಿ (ಈಗಿನ ಗ್ರಾಮ ಪಂಚಾಯಿತಿಯ ಹಿಂದಿನ ರೂಪ), ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ ಶೇ 25ರಷ್ಟು ಸ್ಥಾನ ತೆಗೆದಿಟ್ಟಿತ್ತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಆಗ ದಾವಣಗೆರೆ, ಹರಿಹರ, ಜಗಳೂರು ಮೂರೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ರಾಜ್ಯದಲ್ಲಿ ಸುಮಾರು 14 ಸಾವಿರ ಹೆಂಗಸರು ಮೊದಲ ಸಲ ಮಂಡಲ ಪಂಚಾಯಿತಿಯ ಕುರ್ಚಿ ಮೇಲೆ ಕೂತರು. 1993ರ ಕಾಯ್ದೆ ಆ ಪಾಲನ್ನು ಮೂರನೇ ಒಂದಕ್ಕೆ ಏರಿಸಿತು, 2010ರ ತಿದ್ದುಪಡಿ ಅರ್ಧಕ್ಕೆ ತಂದಿತು.

ಕಾಯ್ದೆ ಸೀಟು ಕೊಟ್ಟಿತು. ಸಭೆಯಲ್ಲಿ ಹೇಗೆ ಮಾತಾಡಬೇಕು, ಸಭೆಯ ನಿರ್ಣಯ ಬರೆದಿಡುವ ನಡಾವಳಿ ಪುಸ್ತಕ ಹೇಗೆ ಓದಬೇಕು ಎಂದು ಹೇಳಿಕೊಡುವ ಕೆಲಸವನ್ನು ಬೇರೆಯವರು ಹೊರಬೇಕಾಯಿತು. 1989ರಲ್ಲಿ ಕರ್ನಾಟಕಕ್ಕೆ ಬಂದ ಮಹಿಳಾ ಸಮಖ್ಯಾ ಎಂಬ ಸರ್ಕಾರಿ ಮಹಿಳಾ ಶಿಕ್ಷಣ ಕಾರ್ಯಕ್ರಮ ಊರೂರಲ್ಲಿ ಸಂಘ ಕಟ್ಟಿತು, ಸಂಘದಲ್ಲಿ ಬಾಯಿ ಬಿಟ್ಟು ಮಾತಾಡಲು ಕಲಿತವರು ಆಮೇಲೆ ಪಂಚಾಯಿತಿಗೂ ನಿಂತರು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ 1990ರ ದಶಕದಲ್ಲೇ ಉಪಗ್ರಹದ ಮೂಲಕ ಸದಸ್ಯೆಯರಿಗೆ ತರಬೇತಿ ಕೊಟ್ಟಿತು. ಚುನಾಯಿತ ಮಹಿಳೆಯರೇ ಸೇರಿಕೊಂಡ ಒಕ್ಕೂಟ 'ಸುಗ್ರಾಮ', ದ ಹಂಗರ್ ಪ್ರಾಜೆಕ್ಟ್ ಎಂಬ ಸ್ವಯಂಸೇವಾ ಸಂಸ್ಥೆಯ ಬೆಂಬಲದಿಂದ ಬೆಳೆದದ್ದು. ಇವೆಲ್ಲ ಬರುವ ಮುಂಚೆಯೇ ದಾವಣಗೆರೆ ನಗರದಲ್ಲಿ ವನಿತಾ ಸಮಾಜ ಕಟ್ಟಿದ ನಾಗಮ್ಮ ಕೇಶವಮೂರ್ತಿ ಅವರು ಶಾಸಕಿಯಾಗಿದ್ದರು ಎನ್ನುವುದನ್ನು ಇಲ್ಲಿಯವರು ಮರೆಯಬಾರದು.

ಆದರೂ ತಾಲ್ಲೂಕು ಮಟ್ಟದ ಒಕ್ಕೂಟಗಳು ಐದು ವರ್ಷಕ್ಕೊಮ್ಮೆ ಕುಸಿಯುತ್ತವೆ. ಕಾರಣ ಒಂದೇ: ಸದಸ್ಯತ್ವವನ್ನು 'ಹಾಲಿ ಸದಸ್ಯೆ'ಗೆ ಮಾತ್ರ ಕಟ್ಟಿಹಾಕಿರುತ್ತಾರೆ. ಸರದಿಯಲ್ಲಿ ಮೀಸಲಾತಿ ಬದಲಾಗುತ್ತದೆ, ಈ ಸಲ ಮಹಿಳಾ ಸ್ಥಾನವಾಗಿದ್ದದ್ದು ಮುಂದಿನ ಸಲ ಬೇರೆಯಾಗುತ್ತದೆ. ಕೆಲಸ ಕಲಿತವರು ಮನೆಗೆ ಹೋಗುತ್ತಾರೆ, ಹೊಸಬರು ಮತ್ತೆ ಅ ಆ ಇ ಈ ಇಂದ ಶುರು ಮಾಡುತ್ತಾರೆ. ಹಾಗಾಗಿ ಒಕ್ಕೂಟದ ಉಪವಿಧಿ (ಒಳ ನಿಯಮಗಳು) ಬರೆಯುವಾಗಲೇ ಮಾಜಿ ಸದಸ್ಯೆಯರಿಗೆ ಪೂರ್ಣ ಮತದ ಹಕ್ಕು ಕೊಡಬೇಕು. ಕಾರ್ಯಕಾರಿ ಸಮಿತಿಯಲ್ಲಿ ಅರ್ಧ ಹಾಲಿ, ಅರ್ಧ ಮಾಜಿ ಇರಲಿ. ಸ್ಪರ್ಧಿಸಿ ಸೋತವರನ್ನೂ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಊರಿನ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನೋಂದಣಿ ಕಷ್ಟವಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ 18 ತುಂಬಿದ 7 ಜನ ಸಾಕು. ಕೆಡುವುದು ಆಮೇಲೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿಯನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅದನ್ನು ಎರಡು ವರ್ಷ ಬಿಟ್ಟರೆ ಕಡತದಲ್ಲಿ ಹಳೆಯ ಅಧ್ಯಕ್ಷೆಯ ಹೆಸರೇ ಉಳಿದು, ಬ್ಯಾಂಕ್ ಖಾತೆಗೆ ಸಹಿ ಬದಲಿಸಲು ಆಗುವುದಿಲ್ಲ. ಒಕ್ಕೂಟವನ್ನು ಜಿಲ್ಲೆಯ ಹೆಸರಲ್ಲಿ ಕಟ್ಟದೆ ತಾಲ್ಲೂಕಿನ ಹೆಸರಲ್ಲಿ ಕಟ್ಟುವುದು ಲೇಸು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಮೂರೂ ಕಡೆಯ ತಾಲ್ಲೂಕುಗಳು ಬಂದು ಸೇರಿದವು. ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಗಿ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಗಡಿ ಹೀಗೆ ಸರಿದಾಡುವ ಕಡೆ ತಾಲ್ಲೂಕು ಒಂದೇ ಗಟ್ಟಿ ನೆಲ.

ತಿಂಗಳ ಸಭೆಗೆ ದಿನ ಗೊತ್ತು ಮಾಡುವಾಗ ಬೆಳೆ ನೋಡಬೇಕು. ಭದ್ರಾ ನಾಲೆಯ ಹಳ್ಳಿಗಳಲ್ಲಿ ಭತ್ತದ ನಾಟಿ, ಚಳ್ಳಕೆರೆ ಕಡೆ ಶೇಂಗಾ ಬಿತ್ತನೆ ನಡೆಯುವಾಗ ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ಬರಲಿಲ್ಲ ಎಂದು ಅವರನ್ನು ಅನ್ನುವುದು ಅನ್ಯಾಯ. ಬೆಳಿಗ್ಗೆ 11ಕ್ಕೆ ಶುರು ಮಾಡಿ 3ಕ್ಕೆ ಮುಗಿಸಿದರೆ ಹಳ್ಳಿಯ ಬಸ್ಸು ಸಿಗುತ್ತದೆ. ಬಸ್ ಚಾರ್ಜು ಒಕ್ಕೂಟದ್ದೇ ಆಗಿರಲಿ.

ಸಭೆಯಲ್ಲಿ ಕಲಿಸಬೇಕಾದ್ದು ಬೇಕಾದಷ್ಟಿದೆ. ಎಲ್ಲಕ್ಕಿಂತ ಮೊದಲು ಸಹಿ. ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಗೆ ಪೂರ್ತಿ 7 ದಿನ ಮೊದಲು, ವಿಶೇಷ ಸಭೆಗೆ 3 ದಿನ ಮೊದಲು ನೋಟಿಸು ಬರಬೇಕು. ನೋಟಿಸಿನ ಪುಸ್ತಕಕ್ಕೆ ಸಹಿ ಹಾಕುವಾಗ ಪಕ್ಕದಲ್ಲಿ ತಾರೀಕು ಬರೆಯದಿದ್ದರೆ ಆಮೇಲೆ ವಾದ ಮಾಡಲು ಆಧಾರವೇ ಇರುವುದಿಲ್ಲ. ನಡಾವಳಿಯಲ್ಲಿ ಖಾಲಿ ಜಾಗ ಬಿಟ್ಟಿದ್ದರೆ ಅಡ್ಡ ಗೆರೆ ಎಳೆದು, ಗೆರೆಯ ಕೆಳಗೇ ಸಹಿ ಹಾಕಬೇಕು. ಹಾಜರಾತಿ ಎಂದು ಪಡೆದ ಸಹಿ ನಿರ್ಣಯಕ್ಕೆ ಒಪ್ಪಿಗೆಯಾಗಿಬಿಡುವುದು ಈ ಖಾಲಿ ಜಾಗದಿಂದಲೇ. ಒಪ್ಪದಿದ್ದರೆ ಆ ವಿರೋಧ ಬಾಯಿಮಾತಲ್ಲಿ ನಿಲ್ಲಬಾರದು, ಹೆಸರು ಸಮೇತ ಬರೆಸಬೇಕು. ನಡಾವಳಿಯ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಕೊಡಲೇಬೇಕು.

ಅಧ್ಯಕ್ಷೆಯಾದವರಿಗೆ ಚೆಕ್ಕಿಗಿಂತ ಈಗ ಡಾಂಗಲ್, ಅಂದರೆ ಡಿಜಿಟಲ್ ಸಹಿ ಹಾಕಲು ಕಂಪ್ಯೂಟರಿಗೆ ಚುಚ್ಚುವ ಸಾಧನ, ದೊಡ್ಡ ತಲೆನೋವು. ಹಣ ಪಾವತಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಅಧ್ಯಕ್ಷರ ಡಿಜಿಟಲ್ ಸಹಿಯೂ ಬೇಕು. ಆ ಡಾಂಗಲ್ಲು ಗಂಡನ ಜೇಬಲ್ಲೋ, ಗುತ್ತಿಗೆದಾರನ ಕೈಯಲ್ಲೋ, ಕಚೇರಿಯ ಕಂಪ್ಯೂಟರಲ್ಲೇ ಚುಚ್ಚಿಕೊಂಡೋ ಇರುತ್ತದೆ. ಬಿಲ್ಲಿನಲ್ಲಿ ತಪ್ಪಾದರೆ ಹೊಣೆ ಮಾತ್ರ ಆಕೆಯದು. ಡಾಂಗಲ್ ಮತ್ತು ಪಾಸ್‌ವರ್ಡ್ ಆಕೆಯ ಹತ್ತಿರವೇ ಇರಬೇಕು, ಪಾವತಿ ಮಾಡಿದ ದಿನ, ಬಿಲ್ಲಿನ ಸಂಖ್ಯೆ, ಮೊತ್ತ ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು.

ಇನ್ನು ರಾಜೀನಾಮೆ. 2020ರ ತಿದ್ದುಪಡಿಯ ನಂತರ ಅಧ್ಯಕ್ಷರ ಅವಧಿ 30 ತಿಂಗಳು. ಮೊದಲ 15 ತಿಂಗಳು ಅವಿಶ್ವಾಸ ನಿರ್ಣಯ ತರುವಂತಿಲ್ಲ. ಅದಕ್ಕೇ ಆಯ್ಕೆಯ ದಿನವೇ 'ಒಳ ಒಪ್ಪಂದ' ಎಂದು ತಾರೀಕಿಲ್ಲದ ರಾಜೀನಾಮೆ ಪತ್ರ ಬರೆಸಿಕೊಳ್ಳುತ್ತಾರೆ. ಅಂಥ ಪತ್ರ ಉಪವಿಭಾಗಾಧಿಕಾರಿಗೆ ತಲುಪಿದರೂ 10 ದಿನದೊಳಗೆ ಬರವಣಿಗೆಯಲ್ಲಿ ವಾಪಸ್ ಪಡೆಯಲು ಅವಕಾಶವಿದೆ. ಇದು ಗೊತ್ತಿಲ್ಲದೆ ಕುರ್ಚಿ ಕಳೆದುಕೊಂಡವರಿದ್ದಾರೆ. ಅವಿಶ್ವಾಸ ಬಂದರೂ ಹೆದರಬೇಕಿಲ್ಲ: ನೋಟಿಸಿಗೆ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನರ ಸಹಿ ಇರಬೇಕು, ಸಭೆಗೆ ಪೂರ್ತಿ 15 ದಿನದ ನೋಟಿಸು ಕೊಡಬೇಕು, ಗೆಲ್ಲಲು ಮೂರನೇ ಎರಡರಷ್ಟು ಮತ ಬೇಕು. ಈ ಮೂರು ಲೆಕ್ಕ ಎಲ್ಲರಿಗೂ ಬಾಯಿಪಾಠ ಆಗಿರಲಿ.

ಮುಂದಿನ ಮೆಟ್ಟಿಲೇ ಇಲ್ಲದಿರುವುದು ನೋವಿನ ಸಂಗತಿ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕೊನೆಯ ಸಲ ಚುನಾವಣೆ ನಡೆದದ್ದು 2016ರಲ್ಲಿ, ಅವಧಿ 2021ಕ್ಕೇ ಮುಗಿದಿದೆ. 2024ರಲ್ಲಿ ದಾವಣಗೆರೆ ಲೋಕಸಭೆಗೆ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಮಹಿಳೆಯರೇ ಆಗಿದ್ದರು, ಪ್ರಭಾ ಮಲ್ಲಿಕಾರ್ಜುನ್ ಈ ಕ್ಷೇತ್ರದ ಮೊದಲ ಸಂಸದೆಯಾದರು. ಆದರೆ 2023ರಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದ ಮಹಿಳೆಯರು 10 ಮಂದಿ. ಗ್ರಾಮ ಪಂಚಾಯಿತಿಗೂ ವಿಧಾನಸೌಧಕ್ಕೂ ನಡುವಿನ ಏಣಿ ತೆಗೆದಿಟ್ಟು, ಹೆಂಗಸರು ಮೇಲೆ ಬರುತ್ತಿಲ್ಲ ಎಂದರೆ ಯಾರು ಒಪ್ಪುತ್ತಾರೆ?

2020ರ ಡಿಸೆಂಬರಿನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳ ಅವಧಿ 2026ರ ಆರಂಭದವರೆಗೆ ಮಾತ್ರ. ಒಕ್ಕೂಟಗಳು ಈಗಲೇ ಕಾಗದಪತ್ರ ನೋಡಬೇಕು. ನಾಮಪತ್ರ ತಿರಸ್ಕಾರದ ತೊಂದರೆ ಹೆಚ್ಚಾಗಿ ಹುಟ್ಟುವುದು ಹೆಸರಿನಲ್ಲಿ: ಜಾತಿ ಪ್ರಮಾಣಪತ್ರ ತವರಿನ ಹೆಸರಲ್ಲಿ, ಮತದಾರರ ಪಟ್ಟಿ ಗಂಡನ ಮನೆಯ ಹೆಸರಲ್ಲಿ. ಜಾತಿ ಬರುವುದು ತಂದೆಯಿಂದ, ಮದುವೆಯಿಂದ ಬದಲಾಗದು. ಆದ್ದರಿಂದ ತವರಿನ ದಾಖಲೆ ಹಿಡಿದು ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಕೊಡಬೇಕು. 'ಸಾಮಾನ್ಯ' ಎಂದರೆ ಗಂಡಸರ ಸೀಟು ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಇದೆ. ಆ ಸ್ಥಾನಕ್ಕೆ ಮಹಿಳೆಯೂ ನಿಲ್ಲಬಹುದು ಎಂದು ಜೂನ್ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಹಾಕಿಕೊಳ್ಳಬೇಕು, ಮಾಜಿ ಸದಸ್ಯೆಯರನ್ನು ಅವತ್ತು ತಪ್ಪದೆ ಕರೆಯಬೇಕು.