ಈ ತಿಂಗಳದ್ದು ಕೊಟ್ಟಾಗಿದೆಯಲ್ಲ?

“ಈ ತಿಂಗಳದ್ದು ಕೊಟ್ಟಾಗಿದೆಯಲ್ಲ?” ಎಂದು ಜಗಲಿಯಿಂದ ಇಳಿಯದೆಯೇ ಕೇಳಿದ ಆ ಗೃಹಿಣಿಯ ಮಾತು ಈ ವಾರವಿಡೀ ನನ್ನ ಕಿವಿಯಲ್ಲಿ ಉಳಿದುಬಿಟ್ಟಿದೆ. ಗೇಟು ತೆರೆದು ಅಂಗಳಕ್ಕೆ ಬಂದವರು ಕಾಸರಗೋಡು ನಗರಸಭೆಗೆ ನಮ್ಮ ವಾರ್ಡಿನಿಂದ ಸ್ಪರ್ಧಿಸಿರುವ ಅಭ್ಯರ್ಥಿ. ಅವರ ಹಿಂದೆ ಕರಪತ್ರ ಹಿಡಿದ ಇಬ್ಬರು ಹುಡುಗರು, ನಿವೃತ್ತ ಪ್ರಾಧ್ಯಾಪಕರೊಬ್ಬರು, ಕನ್ನಡದ ಮನೆಗಳಲ್ಲಿ ಪರಿಚಯವಿರುವವಳೆಂದು ಜೊತೆಗೆ ಹೊರಟ ನಾನು. ಇಷ್ಟು ಮಂದಿ ಅಂಗಳದಲ್ಲಿ ನಿಂತಿದ್ದರೂ ಆಕೆಗೆ ಕಂಡದ್ದು ಪ್ರತಿ ತಿಂಗಳು ಗೋಣಿಚೀಲ ಹಿಡಿದು ಪ್ಲಾಸ್ಟಿಕ್ ಒಯ್ಯಲು ಬರುವ, ಮನೆಮನೆಯ ಕಸ ಸಂಗ್ರಹಿಸುವ ಮಹಿಳೆಯರ ತಂಡವಾದ ಹರಿತ ಕರ್ಮಸೇನೆಯ ಹೆಂಗಸು ಮಾತ್ರ.

“ಹೌದು ಅಕ್ಕ, ಕೊಟ್ಟಿದ್ದೀರಿ, ರಶೀದಿ ಬರೆದದ್ದು ನಾನೇ ಅಲ್ಲವಾ. ಇವತ್ತು ಓಟು ಕೇಳಲಿಕ್ಕೆ ಬಂದದ್ದು” ಎಂದರು ನಮ್ಮ ಅಭ್ಯರ್ಥಿ. ಸ್ವರದಲ್ಲಿ ಬೇಸರವಾಗಲಿ ಅಣಕವಾಗಲಿ ಇರಲಿಲ್ಲ. “ಓ, ನೀನಾ ನಿಂತದ್ದು?” ಎಂದು ಆಕೆ ಕೇಳಿ ಕರಪತ್ರವನ್ನು ತಿರುಗಿಸಿ, ಫೋಟೋವನ್ನೂ ಎದುರಿಗಿದ್ದ ಮುಖವನ್ನೂ ಎರಡೆರಡು ಸಲ ಹೋಲಿಸಿ ನೋಡಿದರು. ಆಮೇಲೆ ಪ್ರಾಧ್ಯಾಪಕರ ಕಡೆ ತಿರುಗಿ, “ನೀವು ಕೂತುಕೊಳ್ಳಿ ಸಾರ್” ಎಂದು ಕುರ್ಚಿ ಎಳೆದರು. ಎಳೆದದ್ದು ಒಂದೇ ಕುರ್ಚಿ.

ಆಕೆಯನ್ನು ಕೆಟ್ಟವರೆಂದು ನಾನು ಹೇಳಲಾರೆ. ಬಾಕಿ ಇಡದೆ ತಿಂಗಳ ಶುಲ್ಕ ಕೊಡುವವರು, ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು ಒಣಗಿಸಿ ಕಟ್ಟಿಡುವವರು. ಆ ಮನೆಯ ಪ್ಲಾಸ್ಟಿಕ್ಕಿಗೆ ವಾಸನೆಯೇ ಇರುವುದಿಲ್ಲ ಎಂದು ಅಭ್ಯರ್ಥಿಯೇ ದಾರಿಯಲ್ಲಿ ಮೆಚ್ಚಿ ಹೇಳಿದ್ದರು. ನನಗೆ ಹೆಚ್ಚು ಕಸಿವಿಸಿಯಾದದ್ದು ಪ್ರಾಧ್ಯಾಪಕರ ವಿಷಯದಲ್ಲಿ. ಸಮಾನತೆಯ ಬಗ್ಗೆ ವೇದಿಕೆಯಲ್ಲಿ ಮುಕ್ಕಾಲು ಗಂಟೆ ಮಾತನಾಡಬಲ್ಲ, ಈ ಹೆಣ್ಣುಮಗಳನ್ನು ಪ್ರಗತಿಪರರೆಲ್ಲ ಸೇರಿ ಸ್ವತಂತ್ರ ಅಭ್ಯರ್ಥಿಯಾಗಿ ನಿಲ್ಲಿಸಬೇಕೆಂದು ಮೊದಲು ಸೂಚಿಸಿದ ಅವರು, ಆ ಒಂದೇ ಕುರ್ಚಿಯಲ್ಲಿ ಆರಾಮವಾಗಿ ಕುಳಿತು, ಅಭ್ಯರ್ಥಿಯ ಪರವಾಗಿ ತಾವೇ ಮಾತು ಆರಂಭಿಸಿದರು. 1996ರ ಜನಕೀಯ ಯೋಜನೆಯಲ್ಲಿ, ಅಂದರೆ ಊರಿನ ಯೋಜನೆಗಳನ್ನು ಊರಿನವರೇ ರೂಪಿಸುವ ಕೇರಳದ ಕಾರ್ಯಕ್ರಮದಲ್ಲಿ, ರಾಜ್ಯದ ಯೋಜನಾ ಹಣದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟದ್ದು, ಕೇರಳದಲ್ಲಿ 2009ರ ತಿದ್ದುಪಡಿಯಿಂದ ಸ್ಥಳೀಯ ಸಂಸ್ಥೆಗಳ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದದ್ದು, ಎಲ್ಲವನ್ನೂ ವಿವರಿಸಿದರು. ಒಂದೂ ಸುಳ್ಳಲ್ಲ. ಆದರೆ ಆ ಅರ್ಧದಲ್ಲಿ ಒಬ್ಬರು ಅವರ ಪಕ್ಕದಲ್ಲೇ ನಿಂತಿದ್ದರು, ಬಿಸಿಲಿಗೆ ಹಣೆಗೆ ಕೈ ಅಡ್ಡ ಹಿಡಿದುಕೊಂಡು.

ಮುಂದಿನ ಮನೆ ನಿವೃತ್ತ ಮಾಸ್ಟ್ರದ್ದು. ಅಲ್ಲಿ ಚರ್ಚೆ ನಿರೀಕ್ಷಿಸಿದ ಜಾಡಿಗೇ ಬಂತು. 1956ರಲ್ಲಿ ದಕ್ಷಿಣ ಕನ್ನಡದಿಂದ ನಮ್ಮನ್ನು ಕಿತ್ತು ಕೇರಳಕ್ಕೆ ಸೇರಿಸಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದದ ಮಹಾಜನ ಆಯೋಗ 1967ರಲ್ಲೇ ಹೇಳಿದರೂ ಏನೂ ಆಗದ್ದು, 2017ರ ಕಾನೂನಿನಿಂದ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದದ್ದು. ಮಾಸ್ಟ್ರ ನೋವು ನನ್ನದೂ ಹೌದು. ಈ ಊರಿನ ಯಾವ ಕನ್ನಡಿಗನೂ ಅದನ್ನು ಹಳೆಯ ಕತೆ ಎಂದು ತಳ್ಳಿಹಾಕಲಾರ. “ಕನ್ನಡಕ್ಕೆ ನಿಮ್ಮ ಕ್ಯಾಂಡಿಡೇಟು ಎಂತ ಮಾಡ್ತಾರೆ?” ಎಂದು ಅವರು ಕೇಳಿದ್ದೂ ಪ್ರಾಧ್ಯಾಪಕರನ್ನೇ.

ಈ ಸಲ ಅಭ್ಯರ್ಥಿ ಕಾಯಲಿಲ್ಲ. “ಮಾಸ್ಟ್ರೇ, ಕಳೆದ ವರ್ಷ ನಿಮಗೆ ಕಟ್ಟಡ ತೆರಿಗೆಯ ನೋಟಿಸು ಮಲಯಾಳದಲ್ಲಿ ಬಂದಿತ್ತಲ್ಲ, ಈ ಮೆಟ್ಟಿಲಲ್ಲೇ ನಿಂತು ಅದನ್ನು ಓದಿ ಹೇಳಿದ್ದು ನಾನು. ಆ ನೋಟಿಸು ಕನ್ನಡದಲ್ಲೂ ಬರುವ ಹಾಗೆ ಕೌನ್ಸಿಲಿನಲ್ಲಿ ಕೇಳ್ತೇನೆ. ಮಹಾಜನ ವರದಿ ನನ್ನ ಕೈಯಲ್ಲಿ ಇಲ್ಲ” ಎಂದರು. ಮಾಸ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, “ಹೌದು, ನೀನೇ ಓದಿದ್ದು” ಎಂದು ಒಪ್ಪಿಕೊಂಡರು. ಓಟು ಹಾಕುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಆ ಉತ್ತರದ ಪ್ರಾಮಾಣಿಕತೆಗಿಂತ ಅದರ ಹಿಂದಿದ್ದ ತಿಳುವಳಿಕೆ ನನಗೆ ದೊಡ್ಡದೆನಿಸಿತು. ಮನೆಮನೆಯ ಬಾಗಿಲ ಬಳಿ ಅಂಟಿಸಿದ ಕ್ಯೂಆರ್ ಕೋಡನ್ನು ತಿಂಗಳಿಗೊಮ್ಮೆ ಫೋನಿನಲ್ಲಿ ಹಿಡಿಯುವ ಈ ಹೆಂಗಸಿಗೆ ವಾರ್ಡಿನ ಬಗ್ಗೆ ಗೊತ್ತಿರುವುದು ಯಾವ ಸಮೀಕ್ಷೆಗೂ ಸಿಗುವಂಥದ್ದಲ್ಲ. ಮಾತ್ರೆಯ ಖಾಲಿ ಹಾಳೆಗಳಿಂದ ಯಾವ ಮನೆಯಲ್ಲಿ ಸಕ್ಕರೆ ಕಾಯಿಲೆ ಹೊಸದಾಗಿ ಬಂತೆಂದು ತಿಳಿಯುತ್ತದೆ. ಯಾವ ಮನೆಯಲ್ಲಿ ಮಗ ಗಲ್ಫಿನಿಂದ ಕೆಲಸ ಕಳೆದುಕೊಂಡು ಬಂದಿದ್ದಾನೆ, ಯಾವ ಮುದುಕಿ ಒಬ್ಬಳೇ ಇದ್ದಾಳೆ, ಯಾವ ಓಣಿಯ ದೀಪ ಉರಿಯದೆ ಎಷ್ಟು ಕಾಲವಾಯಿತು, ಎಲ್ಲವೂ ತಿಳಿದಿದೆ. ತುಳು, ಮಲಯಾಳ, ಕನ್ನಡ ಮೂರನ್ನೂ ಗೇಟು ನೋಡಿ ಬದಲಿಸುತ್ತಾರೆ. ಕರಪತ್ರದಲ್ಲಿ ಇದಾವುದೂ ಇಲ್ಲ. ಅದನ್ನು ಬರೆದ ಸಮಿತಿಯವರು ಕೋಮುವಾದ, ನವ ಉದಾರವಾದ ಇತ್ಯಾದಿಗಳಿಗೆ ಒಂದೂವರೆ ಪುಟ ಕೊಟ್ಟು, ಕೊನೆಯಲ್ಲಿ “ಶ್ರಮಜೀವಿ ಮಹಿಳೆ” ಎಂದು ಅವರನ್ನು ಪರಿಚಯಿಸಿದ್ದಾರೆ. ನಗರಸಭೆಯ ಅಭ್ಯರ್ಥಿ 75,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಆ ಮಿತಿಯಲ್ಲಿ ಇಷ್ಟೊಂದು ದಪ್ಪ ಕಾಗದ ಯಾಕೆ ಬೇಕಿತ್ತೋ ನನಗೆ ತಿಳಿಯದು.

ಪ್ರಗತಿಪರರೆಂದರೆ ಯಾರು ಎಂಬ ಪ್ರಶ್ನೆ ಹಾಗಾಗಿ ನನ್ನನ್ನು ಬಿಡುತ್ತಿಲ್ಲ. ಕಾನೂನಿನ ಪ್ರಕಾರ ನಮಗೆ ವಾರ್ಡ್ ಸಭೆ ಎಂಬುದೊಂದಿದೆ. ಫಲಾನುಭವಿಗಳ ಪಟ್ಟಿ ಅಲ್ಲಿ ಚರ್ಚೆಯಾಗುತ್ತದೆ, ಮನೆಯ ರಿಪೇರಿಗೆ ಯಾರಿಗೆ ಸಹಾಯ, ಯಾವ ರಸ್ತೆಗೆ ಮೊದಲು ಜಲ್ಲಿ ಎಂಬುದು ಅಲ್ಲಿ ಶುರುವಾಗುತ್ತದೆ. ಅಲ್ಲಿ ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ ಹೆಂಗಸರನ್ನು ಬಿಟ್ಟರೆ ಉಳಿದ ಕುರ್ಚಿಗಳು ಖಾಲಿ ಇರುವುದನ್ನು ನಾನು ನೋಡಿದ್ದೇನೆ. ವಿಚಾರ ಸಂಕಿರಣಗಳಿಗೆ ತಪ್ಪದೆ ಬರುವ ನಮ್ಮ ಸ್ನೇಹಿತರಲ್ಲಿ ಒಬ್ಬರನ್ನೂ ಅಲ್ಲಿ ಕಂಡ ನೆನಪಿಲ್ಲ. ಈ ಅಭ್ಯರ್ಥಿ ಮಾತ್ರ ಬರುತ್ತಿದ್ದರು, ಮೀನು ಮಾರುಕಟ್ಟೆಯ ಹತ್ತಿರ ಹೆಂಗಸರಿಗೊಂದು ಶೌಚಾಲಯ ಬೇಕೆಂದು ಎದ್ದು ನಿಂತು ಹೇಳುತ್ತಿದ್ದರು, ಅದನ್ನು ಬರೆದುಕೊಂಡರೇ ಇಲ್ಲವೇ ಎಂದು ಕೊನೆಯಲ್ಲಿ ಹೋಗಿ ಪುಸ್ತಕ ನೋಡಿ ಬರುತ್ತಿದ್ದರು. ಇವರನ್ನು ನಾವು ಪ್ರಗತಿಪರ ಶಿಬಿರಕ್ಕೆ ಸೇರಿಸಿಕೊಂಡೆವು ಎಂದು ಸಮಿತಿಯವರು ಹೇಳುವಾಗ, ಸೇರಿಕೊಂಡವರು ಯಾರು, ಸೇರಿಸಿಕೊಂಡವರು ಯಾರು ಎಂದು ನನಗೆ ಅನುಮಾನವಾಗುತ್ತದೆ.

ಇದನ್ನು ಬರೆಯುವಾಗ ಮತದಾನ ಗುರುವಾರ, 2025ರ ಡಿಸೆಂಬರ್ 11ಕ್ಕೆ, ಎಣಿಕೆ ಶನಿವಾರ ಎಂದು ನಿಗದಿಯಾಗಿತ್ತು. ನಿನ್ನೆ ಸಂಜೆ ಸಮಿತಿ ಸೇರಿದ್ದಾಗ ಪ್ರಾಧ್ಯಾಪಕರು, “ಗೆದ್ದ ಮೇಲೆ ಆ ಚೀಲದ ಕೆಲಸವನ್ನು ಬಿಡಬೇಕಾಗುತ್ತದಲ್ಲ, ಕೌನ್ಸಿಲರ್ ಎಂದ ಮೇಲೆ ಒಂದು ಘನತೆ ಬೇಕು” ಎಂದು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು. ಅಭ್ಯರ್ಥಿ ಬೂತ್ ಸ್ಲಿಪ್ಪುಗಳನ್ನು ಮನೆ ಸಂಖ್ಯೆಯ ಪ್ರಕಾರ ಜೋಡಿಸುತ್ತಿದ್ದವರು ತಲೆ ಎತ್ತಿ, “ಯಾಕೆ ಸಾರ್?” ಎಂದರು. ನಿಜಕ್ಕೂ ಗೊತ್ತಿಲ್ಲದೆ ಕೇಳಿದ ಹಾಗೆಯೇ ಇತ್ತು ಅವರ ಮುಖ. ಪ್ರಾಧ್ಯಾಪಕರು ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ಯಾರೂ ಸಹಾಯಕ್ಕೆ ಬರದಿದ್ದಾಗ, ಗುರುವಾರ ಬೂತ್ ಏಜೆಂಟರಿಗೆ ಊಟ ಎಲ್ಲಿಂದ ತರಿಸುವುದು ಎಂಬ ವಿಷಯ ಎತ್ತಿದರು.