ಎರಡು ಸುಳಿಯ ತಲೆಗೆ ಮಿಲಿಟರಿ ಕಟಿಂಗ್

ನನ್ನ ತಲೆಯಲ್ಲಿ ಎರಡು ಸುಳಿ. ಅಜ್ಜಿ ಎಣ್ಣೆ ಹಚ್ಚುವಾಗಲೆಲ್ಲ "ಇವನಿಗೆ ಎರಡು ಮದುವೆ" ಅಂತ ನಗುತ್ತಿದ್ದಳು. ಎರಡನೆಯದೇನೂ ಆಗಲಿಲ್ಲ, ಆದರೆ ಆ ಸುಳಿಗಳ ನಡುವಿನ ಕೂದಲು ಇವತ್ತಿನವರೆಗೆ ಯಾವ ಬಾಚಣಿಗೆಗೂ ಬಗ್ಗಿಲ್ಲ. ಡಿಗ್ರಿಯಲ್ಲಿದ್ದಾಗ ಎನ್‌ಸಿಸಿ ಕ್ಯಾಂಪಿನಲ್ಲಿ ಹವಾಲ್ದಾರರು ಎರಡು ಬೆರಳಲ್ಲಿ ಕೂದಲು ಹಿಡಿದು ನೋಡುತ್ತಿದ್ದರು. ಬೆರಳಿಗೆ ಸಿಕ್ಕಿತೋ, ಮರದಡಿಯ ಕುರ್ಚಿಗೆ ರವಾನೆ. ಆ ಹತ್ತು ದಿನ ನಾನು ಕನ್ನಡಿ ಮುಂದೆ ನಿಂತು ಒದ್ದಾಡಲಿಲ್ಲ.

ಮೂರು ವರ್ಷದ ಹಿಂದೆ ನೆತ್ತಿ ತೆಳ್ಳಗಾಗತೊಡಗಿದಾಗ ಅದು ನೆನಪಾಯಿತು. ಪಕ್ಕದಲ್ಲಿ ದಟ್ಟವಾಗಿ ಬಿಟ್ಟರೆ ನೆತ್ತಿ ಇನ್ನೂ ಬೋಳಾಗಿ ಕಾಣುತ್ತದೆ. ಎಲ್ಲ ಕಡೆ ಗಿಡ್ಡ ಮಾಡಿದರೆ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ.

ಅಂಗಡಿಯಲ್ಲಿ "ಮಿಲಿಟರಿ ಕಟಿಂಗ್" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ನಂಬರ್ ಹೇಳುವುದೇ ಮೇಲು. ಮಿಷಿನ್ನಿಗೆ ಸಿಕ್ಕಿಸುವ ಬಾಚಣಿಗೆಯಂಥ ಕ್ಲಿಪ್ಪಿನಲ್ಲಿ ಒಂದನೇ ನಂಬರ್ ಅಂದರೆ 3 ಮಿಲಿಮೀಟರ್, ಎರಡು ಅಂದರೆ 6, ಮೂರು ಅಂದರೆ ಸುಮಾರು 10. ನನ್ನದು ಪಕ್ಕಕ್ಕೆ ಒಂದು, ಮೇಲೆ ಮೂರು, ಇವೆರಡೂ ಸೇರುವ ಕಡೆ ಗೆರೆ ಕಾಣದ ಹಾಗೆ ಎರಡು. ಸುಳಿಯ ಹತ್ತಿರ ಮಾತ್ರ ಮಿಷಿನ್ ನೇರ ಓಡಿಸಿದರೆ ನಾಲ್ಕೆಳೆ ನಿಂತೇ ಇರುತ್ತವೆ. ಅಲ್ಲಿ ಕೈ ಸುತ್ತ ತಿರುಗಬೇಕು. ನಮ್ಮ ಅಂಗಡಿಯ ಅಣ್ಣ ಅದನ್ನು ಹೇಳದೆಯೇ ಮಾಡುತ್ತಾರೆ, ಅದಕ್ಕೇ ಅವರನ್ನು ಬಿಟ್ಟಿಲ್ಲ.

ಗಿಡ್ಡ ಕೂದಲಿಗೆ ಖರ್ಚಿಲ್ಲ ಅನ್ನುವುದು ಸುಳ್ಳು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 3 ಮಿಲಿಮೀಟರ್ ಇಟ್ಟ ಕಡೆ ಹತ್ತೇ ದಿನಕ್ಕೆ ದುಪ್ಪಟ್ಟು! ಕಿವಿಯ ಮೇಲೆ ಹುಲ್ಲು ಚಿಗುರಿದಂತಾಗುತ್ತದೆ. ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಮಂಗಳವಾರ ಬಾಗಿಲೇ ತೆರೆಯುವುದಿಲ್ಲ. ಕೊನೆಗೆ ಒಂದು ಮಿಷಿನ್ ತಂದೆ. ಪ್ರತಿ ಸಲ ಬ್ಲೇಡಿನ ಕೂದಲು ಬ್ರಷ್‌ನಲ್ಲಿ ಕೊಡವಿ ಒಂದು ಹನಿ ಎಣ್ಣೆ ಬಿಡುತ್ತೇನೆ, ಇಲ್ಲದಿದ್ದರೆ ಕತ್ತರಿಸುವ ಬದಲು ಕೀಳುತ್ತದೆ. ಬಿಸಿಲಿಗೆ ಟೋಪಿ. ಬಚ್ಚಲಲ್ಲೇ ಕತ್ತರಿಸಿ ಅಲ್ಲೇ ಸ್ನಾನ ಮುಗಿಸುವುದರಿಂದ "ಏನನ್ನೂ ಮುಟ್ಟಬೇಡ, ನೇರ ಬಚ್ಚಲಿಗೆ ನಡಿ" ಅನ್ನುವ ಅಮ್ಮನ ಕಾಟವೂ ತಪ್ಪಿದೆ.

ಹೋದ ತಿಂಗಳು ಕ್ಲಿಪ್ ತೊಳೆದಿಟ್ಟವನು ಮತ್ತೆ ಸಿಕ್ಕಿಸುವುದನ್ನು ಮರೆತೆ. ಹಣೆಯಿಂದ ನೆತ್ತಿಯವರೆಗೆ ಬೋಳು ದಾರಿ. ಅಂಗಡಿಗೆ ಓಡಿದೆ. ಅಣ್ಣ ಒಂದು ಸಲ ನೋಡಿ, "ಇನ್ನೇನ್ ಸಾರ್, ಪೂರ್ತಿ ಝೀರೋ" ಅಂದರು.

ಮೀಸೆ ನನಗೆ ಮೊದಲೇ ಇಲ್ಲ. ವಾಪಸ್ ಬರುವಾಗ ಮೂಲೆ ಮನೆಯ ಅಜ್ಜಿ ಗೇಟಿನ ಹತ್ತಿರವೇ ನನ್ನ ಕೈ ಹಿಡಿದುಕೊಂಡರು. "ಅಯ್ಯೋ ಮಗನೇ, ಅಪ್ಪ ಯಾವಾಗ? ಒಂದು ಮಾತು ಹೇಳಬಾರದಿತ್ತಾ?" ಏನೂ ಆಗಿಲ್ಲ, ಕಟಿಂಗ್ ಕೆಟ್ಟಿತು ಅಷ್ಟೇ ಅಂದರೂ ಅವರು ಕೈ ಬಿಡಲಿಲ್ಲ.

ಮನೆಯಲ್ಲಿ ಹೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಆದರೆ ಮರುದಿನದಿಂದ ಒಂದು ವಾರ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ತಾವೇ ಹಾಲು ತರಲು ಹೋದರು, ಬೀದಿಯ ಒಂದೊಂದು ಮನೆಯ ಮುಂದೂ ನಿಂತು ಮಾತಾಡಿಸಿಕೊಂಡು.